ಮೂರು ಸಲ ತೊಳೆದರೂ ಮುಗಿಯದ ಕೈ: ಒಸಿಡಿ ಕಾಯಿಲೆ ಮತ್ತು ಅದರ ಚಿಕಿತ್ಸೆ

ಏಪ್ರಿಲ್ ಹೊತ್ತಿಗೆ ಕಾಸರಗೋಡಿನ ಗುಡ್ಡದ ಬದಿಯ ಮನೆಗಳಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಸಣ್ಣಗಾಗುತ್ತದೆ. ತೋಟಕ್ಕೆ ಬಿಡಬೇಕು, ದನಗಳಿಗೆ ಬೇಕು, ಅಡುಗೆಗೆ ಬೇಕು. ಅಂಥ ಹೊತ್ತಿನಲ್ಲಿ ಮನೆಯ ಒಬ್ಬರು ಬಚ್ಚಲಿಗೆ ಹೋದರೆ ಒಂದೂವರೆ ಗಂಟೆ ಹೊರಗೆ ಬರುವುದಿಲ್ಲ. ಟ್ಯಾಂಕ್ ಖಾಲಿ, ಮನೆಯಲ್ಲಿ ಜಗಳ. ಜಗಳ ನಡೆಯುವುದು ನೀರಿನ ಬಗ್ಗೆ, ಸಾಬೂನಿನ ಖರ್ಚಿನ ಬಗ್ಗೆ, 'ಹಟ'ದ ಬಗ್ಗೆ. ಇದೊಂದು ಕಾಯಿಲೆ ಇರಬಹುದು ಎಂಬ ಮಾತು ಅಲ್ಲಿ ಬರುವುದೇ ಇಲ್ಲ.

ಬರದಿರಲು ಕಾರಣವೂ ಇದೆ. ಮಡಿ ಇರುವ ಮನೆಯಾದರೆ 'ಅವಳಿಗೆ ಸ್ವಲ್ಪ ಮಡಿ ಜಾಸ್ತಿ' ಎಂದರೆ ಮುಗಿಯಿತು. ಮುಸ್ಲಿಂ ಮನೆಯಲ್ಲಿ ನಮಾಜಿಗೆ ಮೊದಲು ವುಝೂ ಮಾಡಲು, ಅಂದರೆ ಕೈಕಾಲು ಮುಖ ತೊಳೆಯಲು ಹೋದ ಹುಡುಗ ನಳ್ಳಿಯ ಹತ್ತಿರವೇ ಅರ್ಧ ಗಂಟೆ ನಿಂತರೆ 'ವಸ್ವಾಸ್', ಅಂದರೆ ಮನಸ್ಸಿನ ಸಂಶಯ, ಅನ್ನುತ್ತಾರೆ. ಪೇಟೆಯಲ್ಲಿ ಅಂಗಡಿಯ ಶಟರ್ ಎಳೆದು ಬೀಗ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ತಿರುಗಿ ಬಂದು ಮತ್ತೆ ಬೀಗ ಎಳೆದು ನೋಡುವವರನ್ನು 'ಜಾಗ್ರತೆಯ ಮನುಷ್ಯ' ಅನ್ನುತ್ತಾರೆ. ಹೆಸರು ಬೇರೆ ಬೇರೆ. ಒಳಗಿರುವುದು ಹಲವು ಸಲ ಒಂದೇ: ಒಸಿಡಿ, ಅಂದರೆ ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್. ಕನ್ನಡದಲ್ಲಿ ಗೀಳು ಕಾಯಿಲೆ ಅನ್ನುವುದುಂಟು.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕೇರಳವೂ ಸೇರಿ 12 ರಾಜ್ಯಗಳಿದ್ದವು. ಅದರ ಪ್ರಕಾರ ಸಮೀಕ್ಷೆಯ ಹೊತ್ತಿನಲ್ಲಿ ಈ ಕಾಯಿಲೆ ಇದ್ದ ವಯಸ್ಕರು ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ. ಬದುಕಿನಲ್ಲಿ ಯಾವಾಗಲಾದರೂ ಒಮ್ಮೆ ಬರುವವರು ನೂರರಲ್ಲಿ ಇಬ್ಬರು ಅಥವಾ ಮೂವರು ಎಂದು ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಕಾಸರಗೋಡು ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೇ 13 ಲಕ್ಷ ಜನ ಇದ್ದರು. ಲೆಕ್ಕ ಹಾಕಿದರೆ ಸಾವಿರಾರು ಮಂದಿ. ನಿಮಗೆ ಗೊತ್ತಿರುವ ಯಾರಾದರೂ ಒಬ್ಬರಂತೂ ಅದರಲ್ಲಿ ಇದ್ದೇ ಇರುತ್ತಾರೆ. ಅವರು ಹೇಳಿಕೊಂಡಿಲ್ಲ, ಅಷ್ಟೆ.

ಏನಿದು?

ಈ ಕಾಯಿಲೆಗೆ ಎರಡು ಭಾಗ. ಒಂದು, ಬೇಡ ಅಂದರೂ ತಲೆಗೆ ನುಗ್ಗುವ ಯೋಚನೆ, ಚಿತ್ರ ಅಥವಾ ಒತ್ತಡ. 'ಕೈಗೆ ಏನೋ ಅಂಟಿದೆ', 'ಗ್ಯಾಸ್ ಆಫ್ ಮಾಡಿಲ್ಲ', 'ದಾರಿಯಲ್ಲಿ ಬೈಕ್ ಯಾರಿಗೋ ತಾಗಿರಬೇಕು'. ಎರಡು, ಆ ಯೋಚನೆ ತಂದ ಸಂಕಟ ಇಳಿಸಲು ಮಾಡುವ ಕೆಲಸ. ತೊಳೆಯುವುದು, ತಿರುಗಿ ನೋಡುವುದು, ಎಣಿಸುವುದು, ಮಂತ್ರ ಹೇಳುವುದು, ಕೇಳಿದ್ದನ್ನೇ ಕೇಳುವುದು. ಎರಡನೆಯದು ಹೊರಗೆ ಕಾಣಲೇಬೇಕೆಂದಿಲ್ಲ. ಮನಸ್ಸಿನಲ್ಲೇ ಒಂದು ಹೆಸರನ್ನು ಇಪ್ಪತ್ತು ಸಲ ಹೇಳಿಕೊಳ್ಳುವುದೂ ಅದೇ.

ಎಷ್ಟಾದರೆ ಕಾಯಿಲೆ? ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಇಲ್ಲವೇ ಓದು, ಕೆಲಸ, ಸಂಸಾರಕ್ಕೆ ಇದು ಅಡ್ಡ ಬರುತ್ತಿದ್ದರೆ, ಅಥವಾ ತುಂಬಾ ಸಂಕಟ ಕೊಡುತ್ತಿದ್ದರೆ ವೈದ್ಯರು ಇದನ್ನು ಒಸಿಡಿ ಅನ್ನುತ್ತಾರೆ. ಬಹಳಷ್ಟು ಜನಕ್ಕೆ ತಾವು ಮಾಡುತ್ತಿರುವುದು ಅತಿ ಎಂದು ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ನಿಲ್ಲಿಸಲಾಗುವುದಿಲ್ಲ. ಆದ್ದರಿಂದಲೇ 'ಬುದ್ಧಿ ಇಲ್ವಾ ನಿಂಗೆ?' ಎಂಬ ಬೈಗುಳ ಇಲ್ಲಿ ಏನೂ ಕೆಲಸ ಮಾಡುವುದಿಲ್ಲ. ಬುದ್ಧಿಯ ಪ್ರಶ್ನೆಯೇ ಅಲ್ಲ ಅದು.

ಮೇಜಿನ ಮೇಲೆ ಪೆನ್ನು ನೇರ ಇಡುವವರು 'ನಂಗೆ ಸ್ವಲ್ಪ ಒಸಿಡಿ' ಅನ್ನುವುದು ಈಗ ಫ್ಯಾಶನ್. ಅಚ್ಚುಕಟ್ಟು ಇಷ್ಟಪಡುವವರಿಗೆ ಅದರಿಂದ ಖುಷಿ ಸಿಗುತ್ತದೆ. ಒಸಿಡಿ ಇರುವವರಿಗೆ ತೊಳೆಯುವುದರಲ್ಲಿ ಖುಷಿ ಇಲ್ಲ. ಸೋಪಿನಿಂದ ಬಿರಿದು ರಕ್ತ ಬರುವ ಬೆರಳಿನಲ್ಲೇ ಅವರು ಮತ್ತೆ ತೊಳೆಯುತ್ತಿರುತ್ತಾರೆ.

ಮಡಿಗೂ ಒಸಿಡಿಗೂ ಏನು ವ್ಯತ್ಯಾಸ ಎಂದು ನಮ್ಮ ಕಡೆ ತುಂಬ ಜನ ಕೇಳುತ್ತಾರೆ. ಸುಲಭದ ಗುರುತು ಒಂದಿದೆ. ಆಚಾರಕ್ಕೆ ಕೊನೆ ಇರುತ್ತದೆ. ಮಿಂದು, ಒಣಗಿದ ಮಡಿಬಟ್ಟೆ ಉಟ್ಟರೆ ಮಡಿ ಆಯಿತು, ಇನ್ನು ಒಲೆ ಹೊತ್ತಿಸಬಹುದು. ಸೂತಕ ಇಂತಿಷ್ಟು ದಿನ, ಆಮೇಲೆ ಇಲ್ಲ. ವುಝೂವಿನಲ್ಲಿ ಕೈ, ಮುಖ, ಕಾಲು ತೊಳೆಯುವುದು ಹೆಚ್ಚೆಂದರೆ ಮೂರು ಸಲ. ಅದಕ್ಕಿಂತ ಹೆಚ್ಚು ಬೇಡ, ಸಂಶಯಕ್ಕೆ ಕಿವಿಗೊಡಬೇಡಿ ಎಂದು ಧರ್ಮದ ನಿಯಮವೇ ಹೇಳುತ್ತದೆ. ಒಸಿಡಿ ಇರುವವರಿಗೆ ಈ ಮೂರು ಎಂಬುದು ಮುಗಿಯುವುದಿಲ್ಲ. 'ಮೂರನೆಯದು ಸರಿಯಾಯಿತಾ? ಮೊಣಕೈ ನೆನೆಯಿತಾ? ಎಣಿಸುವಾಗ ತಪ್ಪಿತಾ?' ಎಂದು ಮತ್ತೆ ಒಂದರಿಂದ ಶುರು. ನಿಯಮ ಪಾಲಿಸುವವರು ಎದ್ದು ಹೋಗುತ್ತಾರೆ, ಕಾಯಿಲೆ ಇರುವವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹಾಗಾಗಿ ಮಡಿಯಿಂದ ಒಸಿಡಿ ಬರುತ್ತದೆ ಅನ್ನುವುದು ಸರಿಯಲ್ಲ. ಆಚಾರವೇ ಇಲ್ಲದ ಮನೆಗಳಲ್ಲೂ ಈ ಕಾಯಿಲೆ ಇದೆ. ಆದರೆ ಮಡಿಯ ಮನೆಯಲ್ಲಿ ಅದು ಹೆಚ್ಚು ದಿನ ಅಡಗಿ ಕೂರುತ್ತದೆ ಅನ್ನುವುದು ನಿಜ.

ಹೇಳಿಕೊಳ್ಳಲಾಗದ ಯೋಚನೆಗಳು

ತೊಳೆಯುವ ಒಸಿಡಿ ಕಣ್ಣಿಗೆ ಕಾಣುತ್ತದೆ. ಕಾಣದ ಒಸಿಡಿ ಇನ್ನೂ ಕಠಿಣ.

ಪೆರ್ಲದ ಕಡೆಯ ಒಬ್ಬಳು ಬಾಣಂತಿಯನ್ನು ಕಲ್ಪಿಸಿಕೊಳ್ಳಿ. ಮಗುವಿಗೆ ಎರಡು ತಿಂಗಳು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ ಇದೆ, ಪಕ್ಕದ ಕೋಣೆಯಲ್ಲಿ ತೊಟ್ಟಿಲು. ಒಂದು ದಿನ ಕತ್ತಿಯ ಮೇಲೆ ಕಾಲಿಟ್ಟು ಬದನೆ ಹೆಚ್ಚುವಾಗ ಒಂದು ಚಿತ್ರ ತಲೆಯಲ್ಲಿ ಹಾದುಹೋಗುತ್ತದೆ: 'ಇದರಿಂದ ಮಗುವಿಗೆ ಏನಾದರೂ ಮಾಡಿಬಿಟ್ಟರೆ?' ಮೈಯೆಲ್ಲ ಬೆವರುತ್ತದೆ. 'ಇಂಥದ್ದು ಯಾವ ತಾಯಿಗೆ ಹೊಳೆಯುತ್ತದೆ? ನಾನು ರಾಕ್ಷಸಿಯೇ?' ಮರುದಿನ ಕತ್ತಿಯನ್ನು ಅಟ್ಟದ ಮೇಲೆ ಇಡುತ್ತಾಳೆ. ಆಮೇಲೆ ಮಗುವಿನ ಜೊತೆ ಒಬ್ಬಳೇ ಇರಲು ಒಪ್ಪುವುದಿಲ್ಲ. ಮೀಯಿಸಲು ಅತ್ತೆಯನ್ನೇ ಕರೆಯುತ್ತಾಳೆ. ಮನೆಯವರು 'ಮಗುವಿನ ಮೇಲೆ ಪ್ರೀತಿಯೇ ಇಲ್ಲ' ಎಂದುಕೊಳ್ಳುತ್ತಾರೆ. ಒಳಗೆ ನಡೆಯುತ್ತಿರುವುದು ಪೂರಾ ಉಲ್ಟಾ.

ಈ ರೀತಿಯ ಯೋಚನೆ ಅವಳೊಬ್ಬಳಿಗೆ ಬಂದದ್ದಲ್ಲ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಕೇಳಿದರು. ಸುಮಾರು 80 ಶೇಕಡಾ ಜನ ಇಂಥ ಬೇಡದ ಯೋಚನೆ ತಮಗೂ ಬರುತ್ತದೆ ಅಂದರು. 2014ರಲ್ಲಿ ಪ್ರಕಟವಾದ 13 ದೇಶಗಳ ಅಧ್ಯಯನದಲ್ಲಿ ಈ ಸಂಖ್ಯೆ 94ರ ಹತ್ತಿರ. ಬಾವಿಕಟ್ಟೆಯ ಬಳಿ ನಿಂತಾಗ 'ಹಾರಿಬಿಟ್ಟರೆ?' ಅನಿಸುವುದು, ಗರ್ಭಗುಡಿಯ ಎದುರು ಕೈಮುಗಿದಾಗಲೇ ದೇವರ ಬಗ್ಗೆ ಕೆಟ್ಟ ಮಾತು ತಲೆಗೆ ಬರುವುದು, ಹತ್ತಿರದವರ ಬಗ್ಗೆ ಅಸಹ್ಯದ ಚಿತ್ರ ಮೂಡುವುದು, ಎಲ್ಲ ಈ ಪಟ್ಟಿಯಲ್ಲಿವೆ. ಹೆಚ್ಚಿನವರು 'ಥೂ, ಎಂಥದ್ದೋ ಒಂದು' ಎಂದು ಮುಂದೆ ಹೋಗುತ್ತಾರೆ. ಒಸಿಡಿ ಇರುವವರು ಆ ಯೋಚನೆಗೆ ಅರ್ಥ ಕೊಡುತ್ತಾರೆ: 'ಬಂತು ಅಂದರೆ ನನ್ನೊಳಗೆ ಇದೆ, ಇದೆ ಅಂದರೆ ಮಾಡಿಯೇ ಬಿಡುತ್ತೇನೆ.' ಯಾರಿಗೆ ಯಾವುದು ಅತಿ ಪ್ರೀತಿಯೋ ಯೋಚನೆ ಅದನ್ನೇ ಹಿಡಿಯುತ್ತದೆ. ತಾಯಿಗೆ ಮಗು, ಭಕ್ತರಿಗೆ ದೇವರು.

ಇಂಥ ಯೋಚನೆಯಿಂದ ಒದ್ದಾಡುವವರು ಅದರಂತೆ ನಡೆಯುವವರಲ್ಲ. ಅದಕ್ಕೆ ಹೆದರಿಯೇ ಕತ್ತಿ ಅಟ್ಟ ಹತ್ತಿದ್ದು. ಆದರೆ ಇಲ್ಲಿ ಒಂದು ಮಾತು ಜಾಗ್ರತೆಯಿಂದ ಹೇಳಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ಬರುವ ಬೇರೊಂದು ಕಾಯಿಲೆ ಇದೆ, ಬಾಣಂತಿ ಸನ್ನಿ. ಅದರಲ್ಲಿ ನಿದ್ದೆ ಪೂರ್ತಿ ಹಾರಿಹೋಗುತ್ತದೆ, ಯಾರೋ ಮಾತಾಡಿದ್ದು ಕೇಳಿಸುತ್ತದೆ, 'ಮಗುವಿನೊಳಗೆ ಏನೋ ಸೇರಿದೆ' ಎಂದು ತಾಯಿ ನಿಜವಾಗಿ ನಂಬುತ್ತಾಳೆ. ಅದರಲ್ಲಿ ಆ ಯೋಚನೆಯ ಬಗ್ಗೆ ಭಯ, ನಾಚಿಕೆ ಸಾಮಾನ್ಯವಾಗಿ ಇರುವುದಿಲ್ಲ, ನಂಬಿಕೆ ಇರುತ್ತದೆ. ಅದಾದರೆ ಕಾಯುವ ಹಾಗಿಲ್ಲ. ತಾಯಿ, ಮಗು ಇಬ್ಬರನ್ನೂ ಒಂಟಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಸಮಾಧಾನ ಎಂಬ ಸಮಸ್ಯೆ

ಒಸಿಡಿ ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ಒಂದು ಸಣ್ಣ ಮಾತುಕತೆ ಸಾಕು. ಮಗಳು ಕಾಲೇಜಿನಿಂದ ಬಂದಿದ್ದಾಳೆ. ದೇವರ ಕೋಣೆಯ ಪಕ್ಕದಲ್ಲಿ ನೀರು ತುಂಬಿದ ಕೊಡಪಾನ ಇದೆ.

"ಅಮ್ಮಾ, ನಾನು ಕೊಡಪಾನ ಮುಟ್ಟಿದೆನಾ?"

"ಇಲ್ಲ ಮಗಾ."

"ಸರಿಯಾಗಿ ನೋಡಿದ್ದೀಯಾ?"

"ನೋಡಿದ್ದೇನೆ, ನೀನು ಆಚೆ ಕಡೆಯಿಂದಲೇ ಹೋದೆ."

ಐದು ನಿಮಿಷ ಶಾಂತಿ.

"ಅಮ್ಮಾ, ನನ್ನ ದುಪಟ್ಟಾ ತಾಗಿರಬಹುದಲ್ವಾ?"

ಅಮ್ಮ ಪ್ರೀತಿಯಿಂದಲೇ ಉತ್ತರ ಕೊಡುತ್ತಾಳೆ. ಉತ್ತರ ಕೊಟ್ಟ ತಕ್ಷಣ ಮಗಳ ಮುಖದ ಬಿಗಿ ಇಳಿಯುತ್ತದೆ. ತೊಂದರೆ ಇರುವುದು ಅಲ್ಲೇ. 'ಕೇಳಿದೆ, ಸಂಕಟ ಇಳಿಯಿತು' ಎಂದು ಮಿದುಳು ಪಾಠ ಕಲಿಯುತ್ತದೆ. ಮುಂದಿನ ಸಲ ಸಂಶಯ ಬಂದಾಗ ಅದು ಮತ್ತೆ ಅದೇ ದಾರಿ ಕೇಳುತ್ತದೆ. ಕೆರೆದಷ್ಟೂ ತುರಿಕೆ ಜಾಸ್ತಿ ಆದ ಹಾಗೆ. ಮೊದಲು ಒಂದು ಸಲ ಸಾಕಾಗುತ್ತಿತ್ತು, ಆಮೇಲೆ ಐದು, ಆಮೇಲೆ ಅಮ್ಮ ಕೊಡಪಾನವನ್ನೇ ತೊಳೆದು ಬೇರೆ ನೀರು ತುಂಬಬೇಕು. ಕೆಲವು ಮನೆಗಳಲ್ಲಿ ಹೊರಗಿನಿಂದ ಬಂದವರೆಲ್ಲ ಅಂಗಳದಲ್ಲೇ ಬಟ್ಟೆ ಬದಲಿಸಬೇಕಾಗುತ್ತದೆ. ಹೀಗೆ ಇಡೀ ಮನೆ ಕಾಯಿಲೆಯ ನಿಯಮಕ್ಕೆ ತಕ್ಕಂತೆ ನಡೆಯಲು ಕಲಿಯುತ್ತದೆ.

ಒಸಿಡಿಗೆ ಬೇಕಾಗಿರುವುದು ಸ್ವಚ್ಛತೆ ಅಲ್ಲ, ನೂರಕ್ಕೆ ನೂರು ಖಾತ್ರಿ. ಅದು ಯಾರಿಗೂ ಸಿಗದ ವಸ್ತು. ಗ್ಯಾಸ್ ಆಫ್ ಆಗಿದೆ ಎಂದು ಈ ಲೇಖನ ಓದುತ್ತಾ ಕುಳಿತ ನಿಮಗೂ ಪೂರ್ತಿ ಖಾತ್ರಿ ಇಲ್ಲ. ಇಲ್ಲದಿದ್ದರೂ ನೀವು ಓದುತ್ತಿದ್ದೀರಿ. ಅಷ್ಟು ಸಂಶಯವನ್ನು ಇಟ್ಟುಕೊಂಡೇ ಮುಂದೆ ಹೋಗುವ ಶಕ್ತಿ ಈ ಕಾಯಿಲೆಯಲ್ಲಿ ಕುಗ್ಗುತ್ತದೆ. ಚಿಕಿತ್ಸೆ ಎಂದರೆ ಆ ಶಕ್ತಿಯನ್ನು ಮತ್ತೆ ಬೆಳೆಸುವುದು.

ಇದು ನಮ್ಮ ಜಿಲ್ಲೆಯಲ್ಲಿ ಯಾಕೆ ಮುಖ್ಯ ಅಂದರೆ, ಇಲ್ಲಿನ ಕೆಲವು ಭಯಗಳಿಗೆ ನಿಜವಾದ ಬುಡ ಇದೆ. ಎಣ್ಮಕಜೆಯಂಥ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ವರ್ಷಗಟ್ಟಲೆ ನಡೆಯಿತು, 2000ದ ಹೊತ್ತಿಗೆ ನಿಂತಿತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶದಲ್ಲೇ ತಡೆಯಿತು. ಅಂಥ ಊರಿನಲ್ಲಿ 'ನೀರಿನಲ್ಲಿ ವಿಷ ಇದ್ದರೆ?' ಎಂದು ಯಾರಾದರೂ ಹೆದರಿದರೆ ಅದನ್ನು ಹುಚ್ಚು ಅನ್ನಲಾಗದು. ನೀರು ಪರೀಕ್ಷೆ ಮಾಡಿಸಿ ವರದಿ ನೋಡಿ ಕುಡಿಯುವುದು ಜಾಗ್ರತೆ. ವರದಿ ಬಂದ ಮೇಲೂ 'ಪರೀಕ್ಷೆಯ ಬಾಟಲಿ ಸರಿ ಇತ್ತಾ?' ಎಂದು ಮತ್ತೆ ಮತ್ತೆ ಕಳಿಸುವುದು, ಅದೇ ನೀರಿನಲ್ಲಿ ತೊಳೆದ ಲೋಟವನ್ನು ಅದೇ ನೀರಿನಲ್ಲಿ ಹತ್ತು ಸಲ ತೊಳೆಯುವುದು ಒಸಿಡಿ. ಒಳ್ಳೆಯ ಚಿಕಿತ್ಸಕರು ಭಯ ಸುಳ್ಳು ಎಂದು ವಾದಕ್ಕೆ ಇಳಿಯುವುದಿಲ್ಲ. ವಾದ ಮಾಡಿದರೆ ಅದೂ ಇನ್ನೊಂದು ಸಮಾಧಾನ ಆಗಿಬಿಡುತ್ತದೆ.

ಪ್ರಶ್ನೆ ಇಡಿಸುವ ವಿಷಯವೂ ಹೀಗೆಯೇ. ಮನೆಯಲ್ಲಿ ಏನೋ ಸರಿ ಇಲ್ಲ ಎಂದಾಗ ಜೋಯಿಸರ ಹತ್ತಿರ ಹೋಗುವುದು, ದೈವಕ್ಕೆ ಹರಕೆ ಹೇಳುವುದು ನಮ್ಮ ಕಡೆ ನಡೆದು ಬಂದದ್ದು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಒಸಿಡಿ ಇರುವವರಿಗೆ ಒಂದು ಪ್ರಶ್ನೆಯಲ್ಲಿ ಬಂದ ಉತ್ತರ ನಾಲ್ಕು ದಿನವೂ ಉಳಿಯುವುದಿಲ್ಲ. 'ಪರಿಹಾರ ಸರಿಯಾಗಿ ಆಯಿತಾ?' ಎಂದು ಇನ್ನೊಬ್ಬ ಜೋಯಿಸರು, ಮತ್ತೊಂದು ಹೋಮ. ಹಣವೂ ಹೋಗುತ್ತದೆ, ಸಂಶಯವೂ ಬೆಳೆಯುತ್ತದೆ. 'ಇಷ್ಟು ಸಾಕು, ಇನ್ನು ಇದಕ್ಕಾಗಿ ಬರಬೇಡ' ಎಂದು ಹೇಳಿ ಕಳಿಸುವ ಭಟ್ಟರೋ ಉಸ್ತಾದರೋ ಸಿಕ್ಕಿದರೆ ಅವರಿಂದ ಆಗುವ ಉಪಕಾರ ದೊಡ್ಡದು.

ಯಾಕೆ ಬರುತ್ತದೆ?

ಬೆಳೆಸಿದ ರೀತಿಯಿಂದ ಅಲ್ಲ, ಪಾಪದಿಂದ ಅಲ್ಲ. ವಂಶದ ಪಾಲು ಇದೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ಶುರುವಾದವರಲ್ಲಿ ಹೆಚ್ಚು. ಸಾಮಾನ್ಯವಾಗಿ ಹದಿಹರೆಯದಿಂದ ಇಪ್ಪತ್ತರ ಆಚೀಚೆ ಕಾಣಿಸಿಕೊಳ್ಳುತ್ತದೆ. ಮಿದುಳಿನ ಮುಂಭಾಗ ಮತ್ತು ಆಳದ ಕಾಡೇಟ್ ಎಂಬ ಭಾಗದ ನಡುವೆ ಸುತ್ತುವ ಒಂದು ಜಾಲ ಇದೆ. 'ಏನೋ ತಪ್ಪಾಗಿದೆ' ಎಂಬ ಎಚ್ಚರಿಕೆ ಕೊಡುವುದು, ಕೆಲಸ ಮುಗಿದ ಮೇಲೆ ಅದನ್ನು ನಿಲ್ಲಿಸುವುದು ಅದರ ಕೆಲಸಗಳಲ್ಲಿ ಒಂದು. ಒಸಿಡಿಯಲ್ಲಿ ಈ ಜಾಲ ಅತಿಯಾಗಿ ಕೆಲಸ ಮಾಡುವುದು ಸ್ಕ್ಯಾನುಗಳಲ್ಲಿ ಕಂಡಿದೆ. 1992ರಲ್ಲಿ ಅಮೆರಿಕದ ಬಾಕ್ಸ್‌ಟರ್ ಮತ್ತು ಸಂಗಡಿಗರು ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ಮಿದುಳಿನ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್ ಮಾಡಿದರು. ಮಾತ್ರೆಯಿಂದ ಗುಣ ಕಂಡವರಲ್ಲೂ, ಬರೀ ವರ್ತನೆಯ ಚಿಕಿತ್ಸೆಯಿಂದ ಗುಣ ಕಂಡವರಲ್ಲೂ ಕಾಡೇಟಿನ ಅತಿ ಚಟುವಟಿಕೆ ಇಳಿದಿತ್ತು. ಮಾತ್ರೆ ಮಿದುಳಿಗೆ, ಮಾತು ಮನಸ್ಸಿಗೆ ಎಂದು ಬೇರೆ ಮಾಡುವವರು ಇದನ್ನು ನೆನಪಿಡಬೇಕು.

ಭಯದ ಎದುರು ನಿಲ್ಲುವ ಚಿಕಿತ್ಸೆ

1966ರ ತನಕ ಈ ಕಾಯಿಲೆಗೆ ಮದ್ದೇ ಇಲ್ಲ ಎಂಬ ಸ್ಥಿತಿ. ಆ ವರ್ಷ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳ ಬಗ್ಗೆ ಬರೆದರು. ರೋಗಿಗಳು ಹೆದರುವ ವಸ್ತುಗಳ ಎದುರೇ ಅವರನ್ನು ನಿಲ್ಲಿಸಿ, ತೊಳೆಯುವ, ಪುನಃ ಪುನಃ ಮಾಡುವ ಕ್ರಿಯೆಗಳಿಂದ ತಡೆದಿದ್ದರು. ಇಬ್ಬರಿಗೂ ಗುಣ ಕಂಡಿತು. ಇವತ್ತಿಗೂ ಒಸಿಡಿಯ ಮುಖ್ಯ ಚಿಕಿತ್ಸೆ ಇದೇ. ಹೆಸರು ಎಕ್ಸ್‌ಪೋಶರ್ ಆಂಡ್ ರೆಸ್ಪಾನ್ಸ್ ಪ್ರಿವೆನ್ಶನ್, ಚಿಕ್ಕದಾಗಿ ಇಆರ್‌ಪಿ. ಸುಮ್ನೆ ಕೂತು ಕಷ್ಟ ಹೇಳಿಕೊಳ್ಳುವ ಕೌನ್ಸೆಲಿಂಗ್ ಇದಲ್ಲ. ಅಂಥ ಕೌನ್ಸೆಲಿಂಗಿನಿಂದ ಒಸಿಡಿಗೆ ಹೆಚ್ಚು ಪ್ರಯೋಜನ ಇಲ್ಲ. ಹಾಗಾಗಿ 'ನೀವು ಇಆರ್‌ಪಿ ಮಾಡುತ್ತೀರಾ?' ಎಂದು ಮೊದಲೇ ಕೇಳುವುದು ಒಳ್ಳೆಯದು.

ಕುಂಬಳೆ ಪೇಟೆಯ ಒಬ್ಬ ಅಂಗಡಿಯವರು ಇದನ್ನು ಮಾಡುವುದು ಹೇಗಿರುತ್ತದೆ ನೋಡೋಣ. ರಾತ್ರಿ ಶಟರ್ ಎಳೆದು ಎರಡು ಬೀಗ ಹಾಕುತ್ತಾರೆ. ಹನ್ನೆರಡು ಸಲ ಎಳೆದು ನೋಡುತ್ತಾರೆ. ಮೊಬೈಲಿನಲ್ಲಿ ಬೀಗದ ಫೋಟೋ ತೆಗೆಯುತ್ತಾರೆ, ಗ್ಯಾಲರಿಯಲ್ಲಿ ಅದೇ ಬೀಗದ ನೂರಾರು ಫೋಟೋ. ಬಸ್ಸಿನಲ್ಲಿ ಕೂತು ಫೋಟೋ ದೊಡ್ಡದು ಮಾಡಿ ನೋಡುತ್ತಾರೆ. ಮನೆಗೆ ಬಂದ ಮೇಲೆ ಪೇಟೆಯಲ್ಲೇ ಇರುವ ತಮ್ಮನಿಗೆ ಫೋನ್: 'ಆ ಕಡೆ ಹೋದರೆ ಒಮ್ಮೆ ನೋಡು ಮಾರಾಯ.'

ಚಿಕಿತ್ಸಕರ ಜೊತೆ ಕೂತು ಮೊದಲು ಒಂದು ಪಟ್ಟಿ ಮಾಡುತ್ತಾರೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಸಂಕಟದ ಅಂಕ. ತಮ್ಮನಿಗೆ ಫೋನ್ ಮಾಡದೆ ಇರುವುದಕ್ಕೆ 35. ಬಸ್ಸಿನಲ್ಲಿ ಫೋಟೋ ನೋಡದೆ ಇರುವುದಕ್ಕೆ 45. ಫೋಟೋವನ್ನೇ ತೆಗೆಯದೆ ಇರುವುದಕ್ಕೆ 60. ಬೀಗ ಹಾಕಿ ಒಂದೇ ಸಲ ಎಳೆದು ತಿರುಗಿ ನೋಡದೆ ನಡೆಯುವುದಕ್ಕೆ 75. ಶನಿವಾರ ಹಾಗೆ ಬೀಗ ಹಾಕಿ ನೆಂಟರ ಮದುವೆಗೆ ಎರಡು ದಿನ ಊರು ಬಿಡುವುದಕ್ಕೆ 95. ಶುರು ಮಾಡುವುದು ಕೆಳಗಿನಿಂದ, ಅಥವಾ ನಡುವಿನಿಂದ. ಯಾರೂ ಅವರನ್ನು ದೂಡುವುದಿಲ್ಲ, ಪ್ರತಿ ಹೆಜ್ಜೆಯೂ ಅವರು ಒಪ್ಪಿಯೇ ಆಗಬೇಕು.

ಮೊದಲ ರಾತ್ರಿ ಫೋನ್ ಮಾಡದೆ ಕೂತರೆ ಎದೆ ಹೊಡೆದುಕೊಳ್ಳುತ್ತದೆ. ಊಟ ಸೇರುವುದಿಲ್ಲ. ಸಂಕಟ ಏರುತ್ತದೆ, ಒಂದು ಕಡೆ ನಿಲ್ಲುತ್ತದೆ, ಮತ್ತೆ ತಾನಾಗಿ ಇಳಿಯಲು ಶುರುವಾಗುತ್ತದೆ. ಇಳಿಯುವುದನ್ನು ಅವರು ಇಷ್ಟು ವರ್ಷ ನೋಡಿಯೇ ಇರಲಿಲ್ಲ, ಯಾಕೆಂದರೆ ಅದಕ್ಕೆ ಮೊದಲೇ ಫೋನ್ ಹೋಗುತ್ತಿತ್ತು. ಕೆಲವು ದಿನ ಇಳಿಯದೆಯೂ ಇರಬಹುದು. ಆಗ ಕಲಿಯುವುದು ಬೇರೆ: 'ಸಂಕಟ ಇದ್ದೇ ಇತ್ತು, ಆದರೂ ಊಟ ಮಾಡಿದೆ, ಮಲಗಿದೆ, ಏನೂ ಆಗಲಿಲ್ಲ.' ಇಲ್ಲಿ ಒಂದು ಕಳ್ಳದಾರಿ ಇದೆ. ಫೋನ್ ಬಿಟ್ಟು, ಮನಸ್ಸಿನಲ್ಲೇ ಬೀಗ ಹಾಕಿದ ದೃಶ್ಯವನ್ನು ಮತ್ತೆ ಮತ್ತೆ ಓಡಿಸಿ ನೋಡುವುದು. ಅದೂ ತಿರುಗಿ ನೋಡಿದ ಲೆಕ್ಕವೇ. ಅದಕ್ಕೆ ಚಿಕಿತ್ಸಕರು ಹೇಳಿಕೊಡುವ ಉತ್ತರ ವಿಚಿತ್ರ ಅನಿಸಬಹುದು: 'ಹಾಕಿರಬಹುದು, ಹಾಕದೆಯೂ ಇರಬಹುದು. ನೋಡೋಣ.' ಅಷ್ಟು ಹೇಳಿ ಮುಂದಿನ ಕೆಲಸ.

ಆ ಬಾಣಂತಿಯ ಚಿಕಿತ್ಸೆಯೂ ಇದೇ ದಾರಿಯಲ್ಲಿ. ಅಟ್ಟದಿಂದ ಮೆಟ್ಟುಕತ್ತಿ ಇಳಿಯುತ್ತದೆ. ಮೊದಲು ಬರೀ ತರಕಾರಿ ಹೆಚ್ಚುವುದು. ಆಮೇಲೆ ಮಗು ಅದೇ ಕೋಣೆಯ ತೊಟ್ಟಿಲಲ್ಲಿ ಮಲಗಿರುವಾಗ ಹೆಚ್ಚುವುದು. ಆಮೇಲೆ ಅತ್ತೆ ಮನೆಯಲ್ಲಿ ಇಲ್ಲದಾಗ. ಯೋಚನೆ ಬಂದರೆ ಓಡಿಸುವ ಹಾಗಿಲ್ಲ, ದೇವರ ನಾಮ ಹೇಳಿ ಒರೆಸುವ ಹಾಗಿಲ್ಲ. ಬಂತು, ಇದೆ, ಇರಲಿ, ಸೌತೆಕಾಯಿ ಹೆಚ್ಚು.

ಸಾಮಾನ್ಯವಾಗಿ 12ರಿಂದ 20 ಭೇಟಿಗಳು, ನಡುವೆ ದಿನವೂ ಮನೆಯಲ್ಲಿ ಅಭ್ಯಾಸ. ಪೂರ್ತಿ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಚೆನ್ನಾಗಿಯೇ ಗುಣ ಕಾಣುತ್ತದೆ. ಕಷ್ಟ ಎಂದು ನಡುವೆ ಬಿಡುವವರೂ ಇದ್ದಾರೆ. ಅವರನ್ನು ದೂರುವ ಹಾಗಿಲ್ಲ, ಅದು ನಿಜವಾಗಿ ಕಷ್ಟದ ಕೆಲಸ.

ಮಾತ್ರೆಗಳು

ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್, ಫ್ಲೂವಾಕ್ಸಮಿನ್ ಮೊದಲಾದ, ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನು ಮೊದಲು ಕೊಡುತ್ತಾರೆ. ಖಿನ್ನತೆಗೂ ಇವೇ ಮಾತ್ರೆ. ಆದರೆ ಒಸಿಡಿಗೆ ಹಲವರಲ್ಲಿ ಡೋಸ್ ಜಾಸ್ತಿ ಬೇಕಾಗುತ್ತದೆ, ಮತ್ತು ಗುಣ ಕಾಣಲು ಹೆಚ್ಚು ದಿನ ಹಿಡಿಯುತ್ತದೆ. ಸರಿಯಾದ ಡೋಸಿನಲ್ಲಿ 8ರಿಂದ 12 ವಾರ ನೋಡದೆ 'ಈ ಮಾತ್ರೆ ಹಿಡಿಯಲಿಲ್ಲ' ಅನ್ನುವಂತಿಲ್ಲ. ಎರಡು ವಾರಕ್ಕೆ ಬೇಸತ್ತು ಡಾಕ್ಟರ್ ಬದಲಿಸುವುದು ನಮ್ಮಲ್ಲಿ ತುಂಬಾ ಆಗುವ ತಪ್ಪು.

ಶುರುವಿನಲ್ಲಿ ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಯ ಏರುಪೇರು ಇರಬಹುದು, ಹೆಚ್ಚಾಗಿ ವಾರ ಎರಡು ವಾರದಲ್ಲಿ ಇಳಿಯುತ್ತದೆ. ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಮಾತ್ರ ಉಳಿಯಬಹುದು. ಅದನ್ನು ನಾಚಿಕೊಂಡು ಮುಚ್ಚಿಟ್ಟು ಮಾತ್ರೆಯನ್ನೇ ಬಿಡುವ ಬದಲು ಡಾಕ್ಟರಿಗೆ ಹೇಳಿದರೆ ಬೇರೆ ದಾರಿ ಇದೆ. 25ರ ಒಳಗಿನವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಿದರೆ, ಸಾಯುವ ಯೋಚನೆ ಬಂದರೆ ಕೂಡಲೇ ತಿಳಿಸಬೇಕು. ಚಟ ಹಿಡಿಯುತ್ತದೆ ಎಂಬ ಭಯ ಬೇಡ. ಚಟದ ಅಪಾಯ ಇರುವುದು ಆಲ್‌ಪ್ರಜೋಲಾಮ್‌ನಂಥ ನಿದ್ದೆಯ, ಆತಂಕದ ಮಾತ್ರೆಗಳಿಗೆ. ಒಸಿಡಿಗೆ ಅವು ಚಿಕಿತ್ಸೆಯೂ ಅಲ್ಲ. ಆದರೆ ಎಸ್‌ಎಸ್‌ಆರ್‌ಐಯನ್ನು ಹಠಾತ್ತಾಗಿ ನಿಲ್ಲಿಸಬಾರದು, ತಲೆಸುತ್ತು, ಕಿರಿಕಿರಿ ಶುರುವಾಗುತ್ತದೆ, ಕಾಯಿಲೆಯೂ ಮರಳಬಹುದು. ಗುಣವಾದ ಮೇಲೂ ಒಂದೆರಡು ವರ್ಷ ಮುಂದುವರಿಸಿ, ನಿಧಾನ ಇಳಿಸುತ್ತಾರೆ.

ಹಳೆಯ ಮದ್ದು ಕ್ಲೋಮಿಪ್ರಮಿನ್. ಅಮೆರಿಕದಲ್ಲಿ ಒಸಿಡಿಗೆಂದು ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಈಗಲೂ ಬಳಸುತ್ತಾರೆ, ಆದರೆ ಬಾಯಿ ಒಣಗುವುದು, ಮಲಬದ್ಧತೆ, ಹೃದಯದ ಬಡಿತದ ತೊಂದರೆಗಳಿಂದಾಗಿ ಎರಡನೆಯ ಸಾಲಿನಲ್ಲಿದೆ. ಯಾವುದೂ ಸಾಕಾಗದಿದ್ದರೆ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಸಣ್ಣ ಪ್ರಮಾಣದಲ್ಲಿ ಸೇರಿಸುವುದುಂಟು. ತಲೆಯ ಹೊರಗಿನಿಂದ ಕಾಂತೀಯ ಅಲೆ ಕೊಡುವ ಚಿಕಿತ್ಸೆ ಇದೆ. ತೀರಾ ಅಪರೂಪಕ್ಕೆ, ಎಲ್ಲ ಸೋತ ಮೇಲೆ, ಮಿದುಳಿನ ಶಸ್ತ್ರಚಿಕಿತ್ಸೆಯೂ ಇದೆ. ಹೆಚ್ಚಿನವರಿಗೆ ಅಲ್ಲಿಗೆ ಹೋಗುವ ಅಗತ್ಯ ಬರುವುದಿಲ್ಲ. ಕಾಯಿಲೆ ಸಾಧಾರಣ ಇದ್ದರೆ ಇಆರ್‌ಪಿ ಅಥವಾ ಮಾತ್ರೆ, ಜೋರಾಗಿದ್ದರೆ ಎರಡೂ ಒಟ್ಟಿಗೆ.

ಗಡಿಯ ಈಚೆಗೆ ಎಲ್ಲಿ ಹೋಗುವುದು?

ಕಾಸರಗೋಡಿನ ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಮನೆಯಲ್ಲಿ ಹವ್ಯಕವೋ ತುಳುವೋ ಮರಾಠಿಯೋ ಕನ್ನಡವೋ ಮಾತಾಡುವವರು, ಸರಕಾರಿ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳಬೇಕು. ಜ್ವರ, ಹೊಟ್ಟೆನೋವಾದರೆ ಹೇಗೋ ನಡೆಯುತ್ತದೆ. 'ದೇವರ ಎದುರು ನನಗೆ ಇಂಥ ಯೋಚನೆ ಬರುತ್ತದೆ' ಎಂಬುದನ್ನು ಅರೆಬರೆ ಭಾಷೆಯಲ್ಲಿ, ಅದೂ ಪಕ್ಕದ ಮನೆಯವರನ್ನು ದುಭಾಷಿ ಮಾಡಿಕೊಂಡು ಹೇಳುವುದು ಆಗುವ ಮಾತಲ್ಲ. ಹಾಗಾಗಿ ಹೆಚ್ಚಿನವರು ಮಂಗಳೂರಿನ ಬಸ್ಸು ಹತ್ತುತ್ತಾರೆ. ಅದು ತಪ್ಪಲ್ಲ. ಆದರೆ ಕೇರಳದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯಲ್ಲಿ ಮನೋವೈದ್ಯರ ತಂಡ ಊರಿನ ಆರೋಗ್ಯ ಕೇಂದ್ರಗಳಿಗೆ ಬಂದು ಕ್ಲಿನಿಕ್ ನಡೆಸುತ್ತದೆ, ಮಾತ್ರೆಯೂ ಉಚಿತ. ಯಾವ ದಿನ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಇಆರ್‌ಪಿಗೆ ಮಂಗಳೂರು, ಮಾತ್ರೆಗೆ ಊರು ಎಂದು ಹಂಚಿಕೊಂಡರೂ ನಡೆಯುತ್ತದೆ.

ಮೊದಲು ಮಾತಾಡಿ ನೋಡಬೇಕು ಅನ್ನುವವರಿಗೆ ಟೆಲಿ-ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರ ಸರಕಾರದ ಸೇವೆ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡ ಆರಿಸಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಬೇರೆ ಕ್ಲಿನಿಕ್ ಇದೆ, ಜಟಿಲವಾದ ಕೇಸುಗಳಿಗೆ ಅದು ಒಳ್ಳೆಯದು. ವಿಡಿಯೋ ಕಾಲ್ ಮೂಲಕ ಇಆರ್‌ಪಿ ಮಾಡುವವರೂ ಈಗ ಸಿಗುತ್ತಾರೆ. ಈ ಕಾಯಿಲೆಗೆ ಅದರಲ್ಲಿ ಒಂದು ಲಾಭವೇ ಇದೆ. ಸಂಕಟ ಹುಟ್ಟುವ ಬಚ್ಚಲು, ಬಾವಿಕಟ್ಟೆ, ದೇವರ ಕೋಣೆ ಎಲ್ಲ ಮನೆಯಲ್ಲೇ ಇವೆಯಲ್ವಾ? ಫೋನ್ ಎದುರಿಟ್ಟು ಅಲ್ಲೇ ಅಭ್ಯಾಸ ಮಾಡಬಹುದು.

2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿ, ರಸ್ತೆಗೆ ಮಣ್ಣು ಸುರಿದದ್ದು ನಮಗೆಲ್ಲ ನೆನಪಿದೆ. ತಲಪಾಡಿಯಿಂದ ಆಚೆ ಆಂಬುಲೆನ್ಸೂ ಹೋಗದ ದಿನಗಳು ಅವು. ಮಂಗಳೂರಿನ ಡಾಕ್ಟರ ಮದ್ದಿನ ಚೀಟಿ ನಂಬಿಕೊಂಡವರು ಅದರಿಂದ ಒಂದು ಪಾಠ ಕಲಿಯಬಹುದು. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಮದ್ದಿನ ಮೂಲ ಹೆಸರನ್ನೂ ಬರೆಸಿಕೊಳ್ಳಿ, ಆಗ ಕಾಸರಗೋಡಿನಲ್ಲೂ ಅದೇ ಮದ್ದು ಸಿಗುತ್ತದೆ. ಎರಡು ವಾರದ ಮಾತ್ರೆ ಯಾವಾಗಲೂ ಮನೆಯಲ್ಲಿ ಇರಲಿ.

ಮನೆಯವರು

ಮನೆಯವರಿಗೆ ಅತಿ ಕಷ್ಟದ ಕೆಲಸ ಉತ್ತರ ಕೊಡದೆ ಇರುವುದು. ನಾಳೆಯಿಂದಲೇ ಎಲ್ಲ ನಿಲ್ಲಿಸಿ, 'ನಾನು ಹೇಳುವುದಿಲ್ಲ ಹೋಗು' ಎಂದು ಗದರಿದರೆ ಅದು ಚಿಕಿತ್ಸೆ ಅಲ್ಲ, ಶಿಕ್ಷೆ. ಕಾಯಿಲೆ ಇರುವವರ ಜೊತೆ ಕೂತು, ಚಿಕಿತ್ಸಕರ ಎದುರು, ಮೊದಲೇ ಮಾತಾಡಿಕೊಂಡು ಸ್ವಲ್ಪ ಸ್ವಲ್ಪ ಕಡಿಮೆ ಮಾಡಬೇಕು. ಕೊಡಪಾನದ ಪ್ರಶ್ನೆ ಬಂದರೆ ಅಮ್ಮ ಹೀಗೆ ಹೇಳಬಹುದು: "ಇದು ಒಸಿಡಿ ಕೇಳುವ ಪ್ರಶ್ನೆ ಮಗಾ. ನಿಂಗೆ ಕಷ್ಟ ಆಗ್ತಾ ಇದೆ ಅಂತ ಗೊತ್ತು. ನಾನು ಉತ್ತರ ಹೇಳುವುದಿಲ್ಲ, ಇಲ್ಲೇ ನಿನ್ನ ಹತ್ತಿರ ಕೂರುತ್ತೇನೆ." ಸಿಟ್ಟು ಬರುತ್ತದೆ, ಅಳು ಬರುತ್ತದೆ. ಮೊದಲ ಕೆಲವು ದಿನ ಪ್ರಶ್ನೆಗಳು ಹೆಚ್ಚೂ ಆಗಬಹುದು. ಆಗ ಅಪ್ಪ ಗುಟ್ಟಾಗಿ ಉತ್ತರ ಕೊಟ್ಟುಬಿಟ್ಟರೆ ಅಮ್ಮನ ಶ್ರಮವೆಲ್ಲ ನೀರುಪಾಲು. ಅಜ್ಜಿಯವರೆಗೂ ಎಲ್ಲರದ್ದೂ ಒಂದೇ ಮಾತು ಇರಬೇಕು.

ಮೊದಲ ಭೇಟಿಗೆ ಹೋಗುವಾಗ ಒಂದು ಕಾಗದದಲ್ಲಿ ನಾಲ್ಕು ವಿಷಯ ಬರೆದುಕೊಂಡು ಹೋಗಿ. ಯಾವ ಯೋಚನೆ ಬರುತ್ತದೆ, ಅದಕ್ಕೆ ಏನು ಮಾಡುತ್ತೀರಿ, ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ, ಯಾವುದನ್ನೆಲ್ಲ ಬಿಟ್ಟಿದ್ದೀರಿ. ಬಾಯಲ್ಲಿ ಹೇಳಲಾಗದ್ದನ್ನು ಬರೆದು ಕೊಟ್ಟರೂ ಸಾಕು. ಡಾಕ್ಟರು ಯೇಲ್-ಬ್ರೌನ್ ಎಂಬ 40 ಅಂಕದ ಪ್ರಶ್ನಾವಳಿಯಲ್ಲಿ ಅಳೆಯಬಹುದು. ಸಾಮಾನ್ಯವಾಗಿ 16ರಿಂದ ಮೇಲೆ ಬಂದರೆ ಚಿಕಿತ್ಸೆ ಬೇಕಾದ ಮಟ್ಟ. ಆ ಅಂಕವನ್ನು ನೀವೂ ಬರೆದಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಮತ್ತೆ ಅಳೆದಾಗ ಅದು ಮೂರನೇ ಒಂದು ಪಾಲಿನಷ್ಟಾದರೂ ಇಳಿದಿದ್ದರೆ ಚಿಕಿತ್ಸೆ ಹಿಡಿಯುತ್ತಿದೆ ಎಂದರ್ಥ. ಇಳಿಯದಿದ್ದರೆ ಡೋಸ್ ಏರಿಸಬೇಕಾ, ಮಾತ್ರೆ ಬದಲಿಸಬೇಕಾ, ಇಆರ್‌ಪಿ ಸೇರಿಸಬೇಕಾ ಎಂದು ಕೇಳಿ.